ಖಾಲಿಯ ಮೇಲೆ ಬಿದ್ದ ಡ್ರಮ್: ಕಲಬುರಗಿಯ ರೆಗೆ ಗಾಯಕನೊಬ್ಬನ ಪ್ರಕರಣ

ಜನಪದ ಹಾಡಿಗೆ ಗಿಟಾರ್, ಡ್ರಮ್ ಸೇರಿಸಿ ಹೊಸ ಸಂಗೀತ ಮಾಡಬೇಕೆನ್ನುವ ಯುವಕರು ಕಲ್ಯಾಣ ಕರ್ನಾಟಕದ ಊರೂರಲ್ಲಿ ಇದ್ದಾರೆ. ಧ್ವನಿಮುದ್ರಣಕ್ಕೆ ಬರುವವರು ಸಾಮಾನ್ಯವಾಗಿ ಕೇಳುವುದು ಮೈಕ್ ಯಾವುದು, ಸಾಫ್ಟ್‌ವೇರ್ ಯಾವುದು, ಹಾಡು ಯಾವಾಗ ಹೊರಬರುತ್ತದೆ ಎಂದು. ಎರಡು ಲಯಗಳು ಎಲ್ಲಿ ಕೂಡುತ್ತವೆ, ಆ ಜನಪದ ಹಾಡುಗಳನ್ನು ಹಾಡುತ್ತ ಬಂದವರ ಒಪ್ಪಿಗೆ ಎಲ್ಲಿಯವರೆಗೆ ಇದೆ ಎಂದು ಕೇಳುವವರು ಕಡಿಮೆ. ಈ ಎರಡು ಪ್ರಶ್ನೆಗಳ ಬೆನ್ನು ಹತ್ತಿ ಬೆಳೆದ ಒಬ್ಬ ಸ್ವತಂತ್ರ ಗಾಯಕನ ಪ್ರಕರಣ ಇದು. ಆತನ ಹಾಡುಗಳ ಧ್ವನಿಮುದ್ರಣದಲ್ಲಿ ನಾನು ಜೊತೆಗಿದ್ದೆ. ಆತನ ಮತ್ತು ಭಜನಾ ಮೇಳದ ಹಿರಿಯರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಹಳ್ಳಿ, ಹಾಡುಗಳ ಶೀರ್ಷಿಕೆ ಬಿಟ್ಟಿದ್ದೇನೆ; ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆತನನ್ನು ಗಾಯಕ ಎಂದೂ, ಮೇಳದ ಹಿರಿಯರನ್ನು ಊರವರೆಲ್ಲ ಕರೆಯುವಂತೆ ಮುತ್ಯಾ ಎಂದೂ ಕರೆಯುತ್ತೇನೆ.

ಹಿನ್ನೆಲೆ

ಗಾಯಕ ಬೆಳೆದದ್ದು ಕಲಬುರಗಿ ನಗರದಲ್ಲಿ. ತಂದೆ ಗಂಜ್ ಮಾರುಕಟ್ಟೆಯ ದಾಲ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಮನೆಯಲ್ಲಿ ಯಾರೂ ಸಂಗೀತ ಕಲಿತವರಲ್ಲ. ಆದರೂ ಶ್ರಾವಣದಲ್ಲಿ ಓಣಿಯ ಗುಡಿಯ ಭಜನೆ, ಶರಣಬಸವೇಶ್ವರ ಜಾತ್ರೆಯ ಹಲಗೆ, ಬಂದೇನವಾಜ್ ದರ್ಗಾದ ಉರುಸಿನ ಕವ್ವಾಲಿ ಕಿವಿಗೆ ಬೀಳದೆ ಇರುವ ಬಾಲ್ಯ ಈ ಊರಲ್ಲಿ ಯಾರಿಗೂ ಇಲ್ಲ. ಎಂಜಿನಿಯರಿಂಗ್ ಓದುವಾಗ ಹಾಸ್ಟೆಲ್ ಗೆಳೆಯನ ಮೊಬೈಲ್‌ನಲ್ಲಿ ಜಮೈಕಾದ ರೆಗೆ ಗಾಯಕ ಬಾಬ್ ಮಾರ್ಲಿಯ ಧ್ವನಿ ಕೇಳಿದ ಆತ ಗಿಟಾರ್ ಹಿಡಿದ. ಓದು ಮುಗಿದ ಮೇಲೆ ಹೈದರಾಬಾದಿನ ಕೆಫೆಗಳಲ್ಲಿ ವಾರಾಂತ್ಯಕ್ಕೆ ಹಾಡತೊಡಗಿದ.

ಮುಂದಿನದನ್ನು ಅರ್ಥ ಮಾಡಿಕೊಳ್ಳಲು ರೆಗೆಯ ಒಳಗಟ್ಟು ಸ್ವಲ್ಪ ತಿಳಿದಿರಬೇಕು. 1960ರ ದಶಕದ ಕೊನೆಯಲ್ಲಿ ಜಮೈಕಾದಲ್ಲಿ ಮೆಂಟೊ, ಸ್ಕಾ, ರಾಕ್‌ಸ್ಟೆಡಿ ಎಂಬ ಪ್ರಕಾರಗಳಿಂದ ಬೆಳೆದು ಬಂದ ಸಂಗೀತ ಇದು. 2018ರಲ್ಲಿ ಯುನೆಸ್ಕೊ ಇದನ್ನು ಮನುಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಇದರಲ್ಲಿ ಗಿಟಾರ್ ಅಥವಾ ಕೀಬೋರ್ಡ್ ಎಣಿಕೆಗಳ ನಡುವೆ ಚಿಕ್ಕದಾಗಿ ಕತ್ತರಿಸಿದಂತೆ ನುಡಿಯುತ್ತದೆ. ರಾಗದ ಓಟವನ್ನು ಬೇಸ್ ಗಿಟಾರ್ ಹೊರುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ‘ಒನ್ ಡ್ರಾಪ್’ ಎಂಬ ಡ್ರಮ್ ನಡೆ: ನಾಲ್ಕು ಎಣಿಕೆಯ ಸುತ್ತಿನಲ್ಲಿ ಮೊದಲ ಎಣಿಕೆಗೆ ಡ್ರಮ್ ಸುಮ್ಮನಿರುತ್ತದೆ, ಭಾರವೆಲ್ಲ ಮೂರನೆಯದರ ಮೇಲೆ ಬೀಳುತ್ತದೆ. ಮಾರ್ಲಿಯ ವೇಲರ್ಸ್ ತಂಡದ ಡ್ರಮ್ ವಾದಕ ಕಾರ್ಲ್‌ಟನ್ ಬ್ಯಾರೆಟ್ ಮತ್ತು ಬೇಸ್ ನುಡಿಸುತ್ತಿದ್ದ ಆತನ ಅಣ್ಣ ಆಸ್ಟನ್ ಬ್ಯಾರೆಟ್ ಈ ನಡೆಯನ್ನು ಜಗತ್ತಿನ ಕಿವಿಗೆ ಮುಟ್ಟಿಸಿದರು. ಮೊದಲ ಎಣಿಕೆಯನ್ನು ಬರಿದಾಗಿ ಬಿಡುವ ಈ ಗುಣವೇ ಮುಂದೆ ಗಾಯಕನ ದೊಡ್ಡ ತೊಡಕಾಯಿತು, ಅದೇ ಅವನ ದಾರಿಯನ್ನೂ ತೆರೆಯಿತು.

ನಕಲಿನ ವರ್ಷಗಳು

ಮೊದಲ ಹಂತದಲ್ಲಿ ಆತ ಇಂಗ್ಲಿಷ್‌ನಲ್ಲಿ, ಜಮೈಕಾದ ಉಚ್ಚಾರವನ್ನು ಅನುಕರಿಸಿ ಹಾಡುತ್ತಿದ್ದ. ಕೂದಲನ್ನು ಜಡೆಗಟ್ಟಿಸಿದ್ದ. ಸ್ವಂತ ಹಾಡುಗಳಲ್ಲೂ ಬ್ಯಾಬಿಲೋನ್ (ದಬ್ಬಾಳಿಕೆಯ ಲೋಕ), ಜಯಾನ್ (ಮರಳಬೇಕಾದ ನಾಡು) ಎಂಬ, ಜಮೈಕಾದ ರಾಸ್ತಫಾರಿ ಧಾರ್ಮಿಕ ಪಂಥದ ಮಾತುಗಳೇ ತುಂಬಿದ್ದವು. ಹೈದರಾಬಾದಿನಲ್ಲಿ ಚಪ್ಪಾಳೆ ಬೀಳುತ್ತಿತ್ತು, ಆದರೆ ಅದು ಮಾರ್ಲಿಯ ಹಾಡುಗಳಿಗೆ. ಸ್ವಂತ ಹಾಡು ಶುರುವಾದರೆ ಜನ ಊಟದ ತಟ್ಟೆಯತ್ತ ತಿರುಗುತ್ತಿದ್ದರು.

ಆಗ ಆತ ಒಂದು ವಾದ ಹೂಡುತ್ತಿದ್ದ. 1845ರಿಂದ 1917ರವರೆಗೆ ಸಾವಿರಾರು ಭಾರತೀಯರನ್ನು ಕರಾರು ಕೂಲಿಗಳಾಗಿ ಜಮೈಕಾಕ್ಕೆ ಸಾಗಿಸಲಾಗಿತ್ತು, ಹಾಗಾಗಿ ರೆಗೆಯಲ್ಲಿ ನಮ್ಮ ಪಾಲೂ ಇದೆ, ಇದು ಪರಕೀಯವಲ್ಲ ಎಂದು. ಕೂಲಿಗಳು ಹೋದದ್ದು ನಿಜ, ಅವರ ಸಂತತಿ ಇಂದಿಗೂ ಅಲ್ಲಿದೆ. ಆದರೆ ಇತಿಹಾಸದ ನಂಟು ಹಾಡಿನ ಕೆಲಸವನ್ನು ಮಾಡಿಕೊಡುವುದಿಲ್ಲ. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಬೆಳೆದ ಅಪಾಚೆ ಇಂಡಿಯನ್ 1990ರ ದಶಕದ ಆರಂಭದಲ್ಲಿ ಭಾಂಗ್ರಾ ಮತ್ತು ರೆಗೆಯನ್ನು ಬೆಸೆದಾಗ ಅದು ನಿಂತದ್ದು ಆತ ಪಂಜಾಬಿ ಮನೆಮಾತು ಮತ್ತು ಜಮೈಕಾದ ನೆರೆಹೊರೆ ಎರಡರ ನಡುವೆ ಬದುಕಿದ್ದರಿಂದ. ನಮ್ಮ ಗಾಯಕನಿಗೆ ಜಮೈಕಾದ ನೆರೆಹೊರೆ ಇರಲಿಲ್ಲ. ಇದ್ದದ್ದು ಕಲಬುರಗಿಯ ನೆರೆಹೊರೆ, ಅದರ ಕಡೆ ಆತ ಇನ್ನೂ ಕಿವಿ ಕೊಟ್ಟಿರಲಿಲ್ಲ.

ತಂದೆಯ ಅನಾರೋಗ್ಯದಿಂದಾಗಿ ಊರಿಗೆ ಮರಳಿದ ಮೇಲೆ ಆತ ಎರಡನೆಯ ದಾರಿ ಹಿಡಿದ: ತನ್ನ ಇಂಗ್ಲಿಷ್ ಹಾಡುಗಳನ್ನು ಕನ್ನಡಕ್ಕೆ ತಂದು ಅದೇ ಧಾಟಿಗೆ ಕೂರಿಸುವುದು. ಇದು ಇನ್ನೂ ಬೇಗ ಕುಸಿಯಿತು. ಇಂಗ್ಲಿಷ್ ಸಾಲು ಒಂದಕ್ಷರದ ಗಟ್ಟಿ ಪದದಲ್ಲಿ ಮುಗಿದು ಗಿಟಾರಿಗೆ ಜಾಗ ಬಿಡುತ್ತದೆ. ಕನ್ನಡದ ಸಾಲಿನ ಕೊನೆಗೆ ಕ್ರಿಯಾಪದ ಬರುತ್ತದೆ, ಅದಕ್ಕೆ ಕಾಲ, ಲಿಂಗ, ವಚನದ ಪ್ರತ್ಯಯಗಳು ಅಂಟಿಕೊಳ್ಳುತ್ತವೆ; ಗಿಟಾರ್ ನುಡಿಯಬೇಕಾದ ಜಾಗಕ್ಕೆ ಪ್ರತ್ಯಯ ಬಂದು ಕೂರುತ್ತಿತ್ತು. ಅದನ್ನು ಕತ್ತರಿಸಿದರೆ ಕನ್ನಡ ಕನ್ನಡವಾಗಿ ಕೇಳುತ್ತಿರಲಿಲ್ಲ.

ಪದದ ಕೊನೆಯ ನುಡಿ

ಮೂರನೆಯ ಪ್ರಯತ್ನವೇ ಈ ಪ್ರಕರಣದ ನಿಜವಾದ ಆರಂಭ. ತಾಯಿಯ ತವರಿನ ಹಳ್ಳಿಯಲ್ಲಿ ತತ್ವಪದಗಳ, ಅಂದರೆ ಅನುಭಾವದ ಹಾಡುಗಳ, ಭಜನಾ ಮೇಳ ಇತ್ತು. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಸೀಮೆ ಇದು. ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ರಾಂಪುರದ ಬಕ್ಕಪ್ಪನಂಥ ಅವರ ಶಿಷ್ಯರ ಪದಗಳನ್ನು ಏಕತಾರಿ, ದಮ್ಮಡಿ ಎಂಬ ಚರ್ಮವಾದ್ಯ, ತಾಳಗಳೊಂದಿಗೆ ರಾತ್ರಿಯಿಡೀ ಹಾಡುವವರು ಇಂದಿಗೂ ಇದ್ದಾರೆ. ಗಾಯಕ ಅಲ್ಲಿಂದ ಒಂದು ಪದವನ್ನು ಮೊಬೈಲ್‌ನಲ್ಲಿ ಹಿಡಿದು ತಂದ, ಸಿದ್ಧ ರೆಗೆ ಲೂಪ್ (ಮರುಕಳಿಸುವ ವಾದನದ ತುಣುಕು) ಒಂದರ ಮೇಲೆ ತಾನೇ ಹಾಡಿದ, ಮೂರೂವರೆ ನಿಮಿಷಕ್ಕೆ ಇಳಿಸಲು ಕೊನೆಯ ಎರಡು ನುಡಿಗಳನ್ನು ಬಿಟ್ಟ. ಕಾಲೇಜಿನ ಉತ್ಸವವೊಂದರಲ್ಲಿ ಹಾಡಿದ ವಿಡಿಯೊ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿತು. ಯುವಕರು ಮೆಚ್ಚಿದರು. ಆ ವಿಡಿಯೊ ಮುತ್ಯಾನ ಮೊಮ್ಮಗನ ಫೋನಿಗೂ ತಲುಪಿತು.

ಗಾಯಕ ಹಳ್ಳಿಗೆ ಹೋದಾಗ ಗಿಟಾರಿನ ಬಗ್ಗೆ, ಡ್ರಮ್ಮಿನ ಬಗ್ಗೆ ಬೈಗುಳ ಬೀಳುತ್ತದೆ ಎಂದುಕೊಂಡಿದ್ದ. ಮುತ್ಯಾ ಅದರ ಸುದ್ದಿಯನ್ನೇ ಎತ್ತಲಿಲ್ಲ. “ತಮ್ಮಾ, ಪದ ಯಾರದು ಎಂದು ಹೇಳದೆ ಎದ್ದು ಬಂದೆಯಲ್ಲ” ಎಂದರು. ಬಿಟ್ಟ ಕೊನೆಯ ನುಡಿಯಲ್ಲೇ ಅಂಕಿತ ಇತ್ತು. ತತ್ವಪದದಲ್ಲಿ ಅಂಕಿತವು ಕವಿಯ ಹೆಸರಷ್ಟೇ ಅಲ್ಲ, ಗುರುವಿಗೆ ಪದವನ್ನು ಒಪ್ಪಿಸುವ ಜಾಗ. ಅಲ್ಲಿಗೆ ತಲುಪದ ಹಾಡು ಮೇಳದವರ ಲೆಕ್ಕದಲ್ಲಿ ಹಾಡಿದಂತೆಯೇ ಅಲ್ಲ.

ಅದೇ ಭೇಟಿಯಲ್ಲಿ ಮನೆಯ ಅಜ್ಜಿ ಅವನ ಜಡೆ ನೋಡಿ, ಯಾವ ದೇವರ ಹರಕೆ ಇದು ಮಗಾನೇ ಎಂದು ವಿಚಾರಿಸಿದರು. ಉತ್ತರ ಕರ್ನಾಟಕದಲ್ಲಿ ಜಡೆಗಟ್ಟಿದ ಕೂದಲು ಎಲ್ಲಮ್ಮನೊಂದಿಗೆ ಬೆಸೆದುಕೊಂಡ ಗಂಭೀರ ಸಂಗತಿ, ಎಷ್ಟೋ ಹೆಣ್ಣುಮಕ್ಕಳ ಬದುಕನ್ನು ಹಿಂಡಿದ ಸಂಗತಿ. ರಾಸ್ತಫಾರಿಗಳಿಗೂ ಅದು ವ್ರತವೇ. ಎರಡೂ ಕಡೆ ಅರ್ಥವಿದ್ದ ಗುರುತನ್ನು ತಾನು ವೇಷವಾಗಿ ಧರಿಸಿದ್ದೇನೆ ಎಂದು ಅಂದು ಹೊಳೆಯಿತು ಎನ್ನುತ್ತಾನೆ. ಆ ವಾರವೇ ಕೂದಲು ತೆಗೆಸಿದ.

ಇಲ್ಲಿ ಆತನ ಮುಂದೆ ಎರಡು ದಾರಿಗಳಿದ್ದವು. ವಿಡಿಯೊದ ಅಲೆ ಇಳಿಯುವ ಮೊದಲೇ ಹಾಡನ್ನು ಬಿಡುಗಡೆ ಮಾಡಿಬಿಡುವುದು ಒಂದು. ಹಾಗೆ ಮಾಡು ಎಂದು ಗೆಳೆಯರೆಲ್ಲ ಒತ್ತಾಯಿಸಿದರು. ವಿಡಿಯೊ ತೆಗೆದುಹಾಕಿ ಮೇಳದಲ್ಲಿ ಕಲಿಯಲು ಕೂರುವುದು ಇನ್ನೊಂದು. ಆತ ಎರಡನೆಯದನ್ನು ಆರಿಸಿದ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಬೆಲೆ ತೆತ್ತು ತೆಗೆದುಕೊಂಡ ನಿರ್ಧಾರ ಇದು. ಆಗ ಸಿಕ್ಕಿದ್ದ ಒಂದೆರಡು ಕಾರ್ಯಕ್ರಮಗಳು ಕೈತಪ್ಪಿದವು, ಮುಂದೆ ಎರಡು ವರ್ಷ ಆತ ಹೊಸದೇನನ್ನೂ ಬಿಡುಗಡೆ ಮಾಡಲಿಲ್ಲ.

ಸಮ ಎಲ್ಲಿದೆ?

ಅಮಾವಾಸ್ಯೆಯ ರಾತ್ರಿಗಳಲ್ಲಿ ಮಠದ ಭಜನೆಗೆ ಹೋಗಿ ಹಿಮ್ಮೇಳದಲ್ಲಿ ತಾಳ ಹಿಡಿದು ಕೂರುವುದು ಅವನ ಕಲಿಕೆಯಾಯಿತು. ಅದೇ ಕಾಲದಲ್ಲಿ ರೆಗೆಯನ್ನೂ ಹಿಂದಕ್ಕೆ ಕೇಳುತ್ತ ಹೋದ. ಸ್ಟುಡಿಯೊ ರೆಗೆಗಿಂತ ಮೊದಲಿನ ನ್ಯಾಬಿಂಗಿ ಎಂಬ ರಾಸ್ತಫಾರಿ ಪ್ರಾರ್ಥನೆಯ ವಾದನಕ್ಕೆ ಬಂದು ನಿಂತ. ಅದರಲ್ಲಿ ಗಿಟಾರ್ ಇಲ್ಲ. ಬೇಸ್, ಫಂಡೆ, ರಿಪೀಟರ್ ಎಂಬ ಮೂರು ಚರ್ಮವಾದ್ಯಗಳು ಮತ್ತು ಗುಂಪಿನ ಹಾಡುಗಾರಿಕೆ, ಅಷ್ಟೇ. ಕೌಂಟ್ ಓಸಿ ಎಂಬ ಡ್ರಮ್ ವಾದಕ ಈ ವಾದನವನ್ನು ಜಮೈಕಾದ ಧ್ವನಿಮುದ್ರಿತ ಸಂಗೀತದೊಳಗೆ ತಂದವನು. ಒಬ್ಬರು ಎತ್ತಿಕೊಡುವುದು, ಉಳಿದವರು ಹಿಡಿದುಕೊಳ್ಳುವುದು, ಗಂಟೆಗಟ್ಟಲೆ ಒಂದೇ ನಡೆಯಲ್ಲಿ ಇರುವುದು: ಇದು ಮಠದ ಜಗುಲಿಯಲ್ಲಿ ಆತ ಕಾಣುತ್ತಿದ್ದ ಕ್ರಮಕ್ಕೆ ಹತ್ತಿರವಿತ್ತು. ತಾನು ಬೆಸೆಯಬೇಕಾದದ್ದು ಲೂಪ್ ಮತ್ತು ಹಾಡನ್ನಲ್ಲ, ಎರಡು ಗುಂಪುಗಾಯನದ ರೂಢಿಗಳನ್ನು ಎಂಬ ತಿಳಿವಳಿಕೆ ಅಲ್ಲಿಂದ ಬಂತು.

ಆದರೂ ತಾಲೀಮಿಗೆ ಕೂತಾಗ ಹಾಡು ಕೂಡಿಬರುತ್ತಿರಲಿಲ್ಲ. ಮುತ್ಯಾ ಹಾಡುತ್ತಿದ್ದರು, ದಮ್ಮಡಿ ಬಾರಿಸುವವರು ಜೊತೆಗಿದ್ದರು, ಗಾಯಕನ ಗೆಳೆಯರಿಬ್ಬರು ಬೇಸ್ ಮತ್ತು ಡ್ರಮ್ ಹಿಡಿದಿದ್ದರು. ಎರಡು ನುಡಿ ಆಗುವಷ್ಟರಲ್ಲಿ ಯಾರೋ ಒಬ್ಬರು ಜಾರುತ್ತಿದ್ದರು. ವೇಗ ಕಡಿಮೆ ಮಾಡಿ ನೋಡಿದರು. ಡ್ರಮ್ಮಿನ ಸದ್ದು ತಗ್ಗಿಸಿ ನೋಡಿದರು. ಮುತ್ಯಾನಿಗೆ ಹೆಡ್‌ಫೋನ್ ಹಾಕಿ, ಕಿವಿಗೆ ಮೆಟ್ರೊನೋಮ್ ಎಂಬ ಲಯ ಎಣಿಸುವ ಯಂತ್ರದ ಟಿಕ್‌ಟಿಕ್ ಬಿಟ್ಟು ನೋಡಿದರು. ಧ್ವನಿ ಬಿಗಿದುಕೊಂಡಿತು, ಗಮಕಗಳೆಲ್ಲ ಹೋದವು.

ಕಾರಣವನ್ನು ಹಿಡಿದವರು ದಮ್ಮಡಿಯವರು. “ನಿಮ್ಮ ಡ್ರಮ್ ಖಾಲಿಯ ಮೇಲೆ ಬೀಳುತ್ತಿದೆ” ಎಂದರು. ಒಂದೇ ಮಾತಿನಲ್ಲಿ ರೋಗ ಗೊತ್ತಾಯಿತು.

ಆ ಪದ ಕೆಹರವಾ ನಡೆಯಲ್ಲಿತ್ತು. ಕೆಹರವಾಕ್ಕೆ ಎಂಟು ಮಾತ್ರೆ. ಒಂದನೆಯ ಮಾತ್ರೆ ಸಮ, ತೂಕ ಬೀಳುವ ಜಾಗ. ಐದನೆಯದು ಖಾಲಿ, ಭಾರ ತೆಗೆದು ಹಗುರ ಮಾಡುವ ಜಾಗ. ಈ ಎಂಟು ಮಾತ್ರೆಗಳನ್ನು ರೆಗೆಯ ನಾಲ್ಕು ಎಣಿಕೆಗೆ ಹೊಂದಿಸಿದರೆ ಎಣಿಕೆಗೆ ಎರಡು ಮಾತ್ರೆ ಬರುತ್ತವೆ. ಆಗ ರೆಗೆಯ ಮೂರನೆಯ ಎಣಿಕೆ ಸರಿಯಾಗಿ ಐದನೆಯ ಮಾತ್ರೆಯ ಮೇಲೆ ಬಂದು ನಿಲ್ಲುತ್ತದೆ. ಅಂದರೆ ಒನ್ ಡ್ರಾಪ್‌ನ ಇಡೀ ಭಾರ ಖಾಲಿಯ ಮೇಲೆ, ಒನ್ ಡ್ರಾಪ್‌ನ ಮೌನ ಸಮದ ಮೇಲೆ. ಮುತ್ಯಾ ಪ್ರತಿ ಸುತ್ತಿನಲ್ಲೂ ಸಮಕ್ಕೆ ಕಾಲಿಟ್ಟಾಗ ಕೆಳಗೆ ನೆಲವೇ ಇರುತ್ತಿರಲಿಲ್ಲ. ಹಗುರವಾಗಬೇಕಾದ ಕಡೆ ಗುಡುಗು ಬೀಳುತ್ತಿತ್ತು. ಎಪ್ಪತ್ತರ ಹತ್ತಿರದ ಹಿರಿಯರು ಆ ಸ್ಥಿತಿಯಲ್ಲೂ ಎರಡು ನುಡಿ ಹಾಡುತ್ತಿದ್ದರೆಂಬುದೇ ದೊಡ್ಡ ಮಾತು.

ಇಂಥ ಕಡೆ ಸಾಮಾನ್ಯವಾಗಿ ಆಗುವುದೇನೆಂದರೆ, ಹಾಡುಗಾರ ಹೊಂದಿಕೊಳ್ಳಬೇಕೆಂದು ಹೇಳುತ್ತಾರೆ, ಇಲ್ಲವೇ ಡ್ರಮ್ಮನ್ನು ಮೊದಲ ಎಣಿಕೆಗೂ ಬಾರಿಸಿಬಿಡುತ್ತಾರೆ. ಹಾಗೆ ಮಾಡಿದರೆ ರೆಗೆ ಉಳಿಯುವುದಿಲ್ಲ, ಸಿನಿಮಾ ಹಾಡಿನ ತಾಳವಾಗುತ್ತದೆ. ಬೇಸ್ ನುಡಿಸುವ ಹುಡುಗ ಮೂರನೆಯ ದಾರಿ ಕಂಡ. ಕಂಪ್ಯೂಟರಿನಲ್ಲಿ ಡ್ರಮ್ಮಿನ ಟ್ರ್ಯಾಕನ್ನು ಎಳೆದು ಅರ್ಧ ಸುತ್ತು ಸರಿಸಿದ. ಈಗ ಒನ್ ಡ್ರಾಪ್‌ನ ಪೆಟ್ಟು ಸಮದ ಮೇಲೆ ಬಂತು, ಅದರ ಮೌನ ಖಾಲಿಯ ಮೇಲೆ. ಎರಡೂ ಸಂಗೀತಗಳು ಭಾರ ಮತ್ತು ಬರಿದು ಎಂಬ ಒಂದೇ ಜೋಡಿಯನ್ನು ಬಳಸುತ್ತವೆ, ಎಣಿಕೆ ಶುರು ಮಾಡುವ ಜಾಗ ಮಾತ್ರ ಬೇರೆ. ಮುತ್ಯಾ ಒಂದು ಎನ್ನುವ ಕಡೆ ಡ್ರಮ್ಮಿನವನು ಮೂರು ಎನ್ನುತ್ತಾನೆ.

ಕೇಳಲು ಸುಲಭ, ನುಡಿಸಲು ತಿಂಗಳುಗಳು ಹಿಡಿದವು. ರೆಗೆಯಲ್ಲಿ ಗಿಟಾರಿನ ಸ್ವರಗುಚ್ಛ (ಕಾರ್ಡ್) ಸಾಮಾನ್ಯವಾಗಿ ಮೊದಲ ಎಣಿಕೆಯಿಂದ ಬದಲಾಗುತ್ತದೆ, ಈಗ ಆ ಬದಲಾವಣೆ ಪದದ ಖಾಲಿಯಲ್ಲಿ ಆಗಬೇಕಿತ್ತು. ಪಲ್ಲವಿಯ ಎತ್ತುಗಡೆಗೆ ವಾದ್ಯದವರು ಸುತ್ತಿನ ನಡುವಿನಿಂದ ಸೇರಿಕೊಳ್ಳಬೇಕಿತ್ತು. ಯುವಕರು ಬೆರಳುಗಳ ಅಭ್ಯಾಸ ಮುರಿದು ಹೊಸದಾಗಿ ಕಟ್ಟಿಕೊಂಡರು. ಮುತ್ಯಾ ಏನನ್ನೂ ಬದಲಿಸಬೇಕಾಗಲಿಲ್ಲ. ಹೊಂದಿಕೊಳ್ಳುವ ಹೊರೆ ಯಾರ ಮೇಲೆ ಬೀಳಬೇಕು ಎಂಬ ಪ್ರಶ್ನೆಗೆ ಇಲ್ಲಿ ಸ್ಪಷ್ಟ ಉತ್ತರ ಸಿಕ್ಕಿತು. ಕಿರಿಯರು ಆ ಹೊರೆಯನ್ನು ಗೊಣಗದೆ ಹೊತ್ತದ್ದನ್ನು ನಾನು ಕಣ್ಣಾರೆ ನೋಡಿದೆ, ಅದರ ಬಗ್ಗೆ ನನಗೆ ಅಪಾರ ಗೌರವವಿದೆ.

ಶ್ರುತಿ, ಗಾಂಧಾರ, ಕೌದಿ

ಧ್ವನಿಮುದ್ರಣದ ವಿವರಗಳನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಇವುಗಳಲ್ಲಿ ಹೆಚ್ಚಿನವು ಯಾರಿಗಾದರೂ ಎದುರಾಗುವಂಥವು.

ಮುತ್ಯಾನ ಏಕತಾರಿ ಅವರ ಧ್ವನಿಗೆ ಕೂಡಿಸಿದ್ದು. ಹಾರ್ಮೋನಿಯಂ ಲೆಕ್ಕದಲ್ಲಿ ಅದು ಕರಿ ಒಂದು ಮತ್ತು ಬಿಳಿ ಎರಡರ ನಡುವೆ ಎಲ್ಲೋ ಇತ್ತು. ಧ್ವನಿಯನ್ನು ಸಾಫ್ಟ್‌ವೇರಿನಲ್ಲಿ ಸರಿಸುವುದು ಐದು ನಿಮಿಷದ ಕೆಲಸ. ಗಾಯಕ ಒಪ್ಪಲಿಲ್ಲ. ಗಿಟಾರ್, ಬೇಸ್ ಎರಡನ್ನೂ ಏಕತಾರಿಗೆ ಕೂಡಿಸಿಕೊಂಡು ನುಡಿಸಿದರು, ಕೀಬೋರ್ಡಿನ ಶ್ರುತಿಯನ್ನೂ ಅಷ್ಟೇ ಸರಿಸಿದರು.

ಗಾಂಧಾರದ, ಅಂದರೆ ಸಪ್ತಸ್ವರಗಳಲ್ಲಿ ಮೂರನೆಯದಾದ ‘ಗ’ದ, ತೊಡಕು ಇದಕ್ಕಿಂತ ಸೂಕ್ಷ್ಮ. ಆ ಪದದಲ್ಲಿ ಗಾಂಧಾರ ಒಮ್ಮೆ ಕೋಮಲ, ಒಮ್ಮೆ ಶುದ್ಧದ ಕಡೆಗೆ ಏರುತ್ತ ನಡುವೆ ತೂಗುತ್ತದೆ. ಗಿಟಾರ್ ಪೂರ್ಣ ಸ್ವರಗುಚ್ಛ ನುಡಿಸಿದರೆ ಅದರ ಸ್ಥಿರ ಗಾಂಧಾರ ಮುತ್ಯಾನ ಗಾಂಧಾರಕ್ಕೆ ಬಡಿಯುತ್ತಿತ್ತು. ಗುಚ್ಛದಿಂದ ಗಾಂಧಾರವನ್ನೇ ತೆಗೆದು ಷಡ್ಜ, ಪಂಚಮ ಮಾತ್ರ ಉಳಿಸಿದರು. ಕತ್ತರಿಸಿದ ಗಿಟಾರ್ ನಾದ ಹಾಗೆಯೇ ಉಳಿಯಿತು, ಧ್ವನಿಗೆ ಓಡಾಡಲು ಬಯಲು ಸಿಕ್ಕಿತು.

ನಮ್ಮ ಕೋಣೆಯ ನೆಲ ಶಹಾಬಾದ್ ಕಲ್ಲಿನ ಪರಸಿಯದು, ಗೋಡೆ ಗಟ್ಟಿ ಗಾರೆಯದು. ದಮ್ಮಡಿಯ ಸದ್ದು ಪ್ರತಿಧ್ವನಿಸಿ ಮಸುಕಾಗುತ್ತಿತ್ತು. ಮೇಳದ ಮನೆಗಳಿಂದ ಕೌದಿಗಳನ್ನು ತಂದು ಗೋಡೆಗೆ ತೂಗುಹಾಕಿದೆವು, ನೆಲಕ್ಕೆ ಜಮಖಾನೆ ಹಾಸಿದೆವು. ಮೇ ತಿಂಗಳ ಬಿಸಿಲಿನಲ್ಲಿ ಫ್ಯಾನ್ ನಿಲ್ಲಿಸಿ ಹಗಲು ಹಾಡಿಸುವುದು ಹಿರಿಯರಿಗೆ ಮಾಡುವ ಹಿಂಸೆ. ಆದ್ದರಿಂದ ರಸ್ತೆ ಶಾಂತವಾದ ಮೇಲೆ, ಮಧ್ಯರಾತ್ರಿಯ ಹೊತ್ತಿಗೆ ಕೂರುತ್ತಿದ್ದೆವು. ರಾತ್ರಿ ಹಾಡುವುದು ಮೇಳದವರ ರೂಢಿಯೇ ಆದ್ದರಿಂದ ಅದು ಅವರಿಗೂ ಹಿಡಿಸಿತು.

ಧ್ವನಿಗಳ ಮಿಶ್ರಣದಲ್ಲಿ (ಮಿಕ್ಸಿಂಗ್) ಜಮೈಕಾದ ಡಬ್ ಪದ್ಧತಿ ನೆರವಾಯಿತು. ಕಿಂಗ್ ಟಬಿ ಮುಂತಾದ ತಂತ್ರಜ್ಞರು 1970ರ ದಶಕದಲ್ಲಿ ಮಿಶ್ರಣದ ಮೇಜನ್ನೇ ವಾದ್ಯದಂತೆ ಬಳಸಿ, ಸಿದ್ಧ ಹಾಡಿನಿಂದ ಒಂದೊಂದೇ ವಾದ್ಯ ತೆಗೆದು, ಉಳಿದದ್ದಕ್ಕೆ ಪ್ರತಿಧ್ವನಿ ಕೊಟ್ಟು ಹೊಸ ರೂಪ ಕಟ್ಟುತ್ತಿದ್ದರು. ಗಾಯಕ ಇದನ್ನು ಅಂಕಿತದ ನುಡಿಗೆ ಉಳಿಸಿಕೊಂಡ. ಅಲ್ಲಿ ಡ್ರಮ್, ಗಿಟಾರ್, ಬೇಸ್ ಒಂದಾದ ಮೇಲೊಂದು ಸರಿದು ಏಕತಾರಿ ಮತ್ತು ಧ್ವನಿ ಮಾತ್ರ ಇರುತ್ತವೆ. ಮೊದಲ ವಿಡಿಯೊದಲ್ಲಿ ಬಿಟ್ಟುಹೋಗಿದ್ದ ನುಡಿ ಈಗ ಇಡೀ ಹಾಡಿನ ತುದಿಯಾಯಿತು. ಹಾಡು ಏಳು ನಿಮಿಷ ದಾಟಿತು, ಒಂದು ಸಾಲನ್ನೂ ಕತ್ತರಿಸಲಿಲ್ಲ.

ಮುತ್ಯಾ ಬೇಡ ಎಂದ ಪದ

ಮೂರು ಪದಗಳು ಸಿದ್ಧವಾದವು. ಮುತ್ಯಾ ಎರಡಕ್ಕೆ ಒಪ್ಪಿಗೆ ಕೊಟ್ಟು ಮೂರನೆಯದನ್ನು ತಡೆದರು. ಅದು ಸಾವಿನ ಮನೆಯಲ್ಲಿ, ದೇಹವನ್ನು ಮುಂದಿಟ್ಟುಕೊಂಡು ಬೆಳಗಿನ ತನಕ ಮಾಡುವ ಭಜನೆಯಲ್ಲಿ ಅವರ ಮೇಳ ಹಾಡುವ ಪದ. ಫೋನಿನಲ್ಲಿ ಯಾರೋ ಎಲ್ಲೋ ಹೋಗುತ್ತ ಬರುತ್ತ ಅದನ್ನು ಕೇಳುವುದು ಬೇಡ ಎಂದರು. ದುರದೃಷ್ಟಕ್ಕೆ ಮೂರರಲ್ಲಿ ಅತ್ಯುತ್ತಮವಾಗಿ ಮೂಡಿದ್ದು ಅದೇ. ಬೇಸ್ ನುಡಿಸುವ ಹುಡುಗ ಬಹಳ ನೊಂದುಕೊಂಡ. ಸ್ವರ ಮಾತ್ರ ಇಟ್ಟುಕೊಂಡು ಮಾತುಗಳನ್ನು ಬದಲಿಸೋಣವೇ ಎಂಬ ಮಾತೂ ಬಂತು. ಗಾಯಕ ಆ ಚರ್ಚೆಯನ್ನು ಬೆಳೆಸಲಿಲ್ಲ, ಕಡತವನ್ನು ಅಳಿಸಿದ.

ಒಪ್ಪಿಗೆ ಕೇಳುವುದೆಂದರೆ ಬೇಡ ಎನ್ನುವ ಉತ್ತರಕ್ಕೂ ಸಿದ್ಧವಾಗಿರುವುದು. ಇಲ್ಲಿ ಅದು ಮಾತಿಗಷ್ಟೇ ನಿಲ್ಲಲಿಲ್ಲ ಎಂಬ ಕಾರಣಕ್ಕೇ ಈ ಪ್ರಕರಣವನ್ನು ಬರೆಯಬೇಕೆನಿಸಿತು.

ಇದಾದ ಮೇಲೆ ಕನ್ನಡದಲ್ಲೇ ಒಂದು ಪುಟದ ಒಪ್ಪಂದ ಬರೆದರು. ಕಾನೂನಿನ ಪ್ರಕಾರ ಕವಿ ತೀರಿಕೊಂಡು 60 ವರ್ಷ ಕಳೆದ ರಚನೆಗೆ ಹಕ್ಕುಸ್ವಾಮ್ಯ ಇರುವುದಿಲ್ಲ, ಹತ್ತೊಂಬತ್ತನೆಯ ಶತಮಾನದ ತತ್ವಪದ ಎಲ್ಲರದು. ಆದರೆ ಅದನ್ನು ಹಾಡಿದವರ ಪ್ರದರ್ಶನಕ್ಕೆ ಹಕ್ಕುಸ್ವಾಮ್ಯ ಕಾಯ್ದೆಯ 38ನೆಯ ಕಲಮಿನಡಿ 50 ವರ್ಷಗಳ ಪ್ರದರ್ಶಕರ ಹಕ್ಕು ಇದೆ. ಪದ ಸಾರ್ವಜನಿಕ ಎಂದು ಹೇಳಿ ಮುತ್ಯಾನ ಧ್ವನಿಯನ್ನೂ ಸಾರ್ವಜನಿಕವೆಂದು ಬಗೆಯುವಂತಿಲ್ಲ. ನುಡಿ ಕತ್ತರಿಸಬಾರದು, ಅಂಕಿತ ಬಿಡಬಾರದು, ಕೇಳದೆ ಇನ್ನೊಬ್ಬರಿಗೆ ರೀಮಿಕ್ಸ್ ಮಾಡಲು ಕೊಡಬಾರದು, ರಚನೆಯ ಕಾಲಮಿನಲ್ಲಿ ತತ್ವಪದಕಾರರ ಹೆಸರು ಇರಬೇಕು, ಗಾಯನದಲ್ಲಿ ಮುತ್ಯಾ ಮತ್ತು ಮೇಳದ ಹೆಸರು ಗಾಯಕನ ಹೆಸರಿನಷ್ಟೇ ದೊಡ್ಡದಾಗಿ ಇರಬೇಕು, ಬಂದ ಹಣದ ಅರ್ಧ ಮೇಳಕ್ಕೆ: ಇಷ್ಟೇ ಅದರಲ್ಲಿದ್ದದ್ದು. ಮೇಳದವರಿಗೆ ಗಟ್ಟಿಯಾಗಿ ಓದಿ ಹೇಳಿ ಸಹಿ ಪಡೆದರು.

ಏನಾಯಿತು

ಎರಡು ಹಾಡುಗಳು ಹೊರಬಂದವು. ಏಳು ನಿಮಿಷದ ಹಾಡು ಕಾಡ್ಗಿಚ್ಚಿನಂತೆ ಹರಡುವುದಿಲ್ಲ, ಹರಡಲೂ ಇಲ್ಲ. ಆದರೆ ಕೇಳಿದವರು ಕೊನೆಯವರೆಗೆ ಕೇಳಿದರು. ಮುಖ್ಯವಾಗಿ, ಸುತ್ತಲ ಹಳ್ಳಿಗಳ ಭಜನಾ ಮೇಳದವರು ಕೇಳಿದರು. ಅವರಲ್ಲಿ ಕೆಲವರು ಮೆಚ್ಚಿದರು, ಕೆಲವರು ಡ್ರಮ್ ಏಕೆ ಬೇಕಿತ್ತು ಎಂದು ಇಂದಿಗೂ ಕೇಳುತ್ತಾರೆ. ಆ ಆಕ್ಷೇಪ ತಪ್ಪಲ್ಲ ಎಂದು ಗಾಯಕನೇ ಹೇಳುತ್ತಾನೆ. ಪದಕ್ಕೆ ಡ್ರಮ್ ಬೇಕಿರಲಿಲ್ಲ, ಬೇಕಾಗಿದ್ದು ತನಗೆ ಎಂದು. ಈ ಪ್ರಾಮಾಣಿಕತೆ ಇಲ್ಲದೆ ಇಂಥ ಕೆಲಸ ಮಾಡಬಾರದು ಎಂಬುದು ನನ್ನ ಅಭಿಪ್ರಾಯ.

ನಂತರ ದೊಡ್ಡ ನಗರವೊಂದರ ಉತ್ಸವದಿಂದ ಕರೆ ಬಂತು. ಮೇಳದ ಪ್ರಯಾಣದ ಖರ್ಚು ಕೊಡಲಾಗದು, ಮುತ್ಯಾನ ಧ್ವನಿಯನ್ನು ಲ್ಯಾಪ್‌ಟಾಪ್‌ನಿಂದ ಬಿಟ್ಟು ಹಾಡಿ ಎಂದರು. ಮುತ್ಯಾ ಬೇಡ ಎನ್ನಲಿಲ್ಲ, ಗಾಯಕ ಹೋದ. ವೇದಿಕೆಯ ಮೇಲೆ ಜನರ ಉತ್ಸಾಹಕ್ಕೆ ಒಂದು ನುಡಿ ಮತ್ತೆ ಹಾಡಬೇಕೆನಿಸಿದರೆ ಆ ಧ್ವನಿ ಕಾಯುವುದಿಲ್ಲ, ಲಯ ಏರಿಸಬೇಕೆನಿಸಿದರೆ ಏರುವುದಿಲ್ಲ. ಅಲ್ಲಿಂದ ಬಂದ ಮೇಲೆ ಮುತ್ಯಾ ಇಲ್ಲದ ವೇದಿಕೆಯಲ್ಲಿ ಅವರ ಪದ ಹಾಡುವುದಿಲ್ಲ ಎಂದು ನಿರ್ಧರಿಸಿದ. ಇದು ಅವನನ್ನು ಮೂಲೆಗೆ ತಳ್ಳಿತು: ಹಾಗಾದರೆ ಒಂಟಿಯಾಗಿ ಹಾಡಲು ತನ್ನದೇನಿದೆ?

ಆ ಪ್ರಶ್ನೆಯಿಂದ ಅವನ ನಾಲ್ಕನೆಯ ಹಂತ ಹುಟ್ಟಿತು. ಈಗ ಆತ ಸ್ವಂತ ಪದ ಬರೆಯುತ್ತಾನೆ. ಮೊದಲನೆಯದು ಗುಳೆಯ ಬಗ್ಗೆ. ಯಾದಗಿರಿ, ಕಲಬುರಗಿಯ ಹಳ್ಳಿಗಳಿಂದ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವವರು ಮನೆಯ ಕೀಲಿಯನ್ನು ಪಕ್ಕದ ಮನೆಯ ಮುದುಕಿಯ ಕೈಗೆ ಕೊಟ್ಟು ರಾತ್ರಿ ಬಸ್ ಹತ್ತುವುದರಿಂದ ಹಾಡು ಶುರುವಾಗುತ್ತದೆ. ನೆಲ ಬಿಟ್ಟು ದೂರ ಹೋದವರ ನೋವು ರೆಗೆಯ ಮೂಲದ್ರವ್ಯ. ಬ್ಯಾಬಿಲೋನ್ ಎಂಬ ಮಾತಿಲ್ಲದೆಯೇ ಅದು ಇಲ್ಲಿ ಬಂದು ಕೂತಿತು. ಇದರಲ್ಲಿ ಅಪ್ಪಟ ಒನ್ ಡ್ರಾಪ್ ಇದೆ, ಏನನ್ನೂ ಸರಿಸಿಲ್ಲ. ಮೊದಲ ಎಣಿಕೆಯ ಮೌನ ಮುಗಿದ ಮೇಲೆ ಸಾಲು ಎತ್ತಿಕೊಳ್ಳುತ್ತದೆ. ಸಾಲಿನ ಕೊನೆಯ ಕ್ರಿಯಾಪದದ ಬಾಲವನ್ನು ಆತ ಹಿಮ್ಮೇಳಕ್ಕೆ ಬಿಟ್ಟುಕೊಡುತ್ತಾನೆ, ಗಿಟಾರಿನ ಜಾಗ ತೆರವಾಗುತ್ತದೆ. ಹಿಂದೆ ಭಾಷಾಂತರದಲ್ಲಿ ಕಾಡಿದ ತೊಡಕಿಗೆ ಉತ್ತರ ಭಜನೆಯ ಹಿಮ್ಮೇಳದಲ್ಲೇ ಇತ್ತು.

ಹಣದ ಮಾತನ್ನೂ ಹೇಳಬೇಕು. ಆತನ ಜೀವನ ನಡೆಯುವುದು ಗಿಟಾರ್ ಪಾಠದಿಂದ, ಮದುವೆ ಮತ್ತು ಜಾತ್ರೆಗಳ ಧ್ವನಿವ್ಯವಸ್ಥೆಯಿಂದ. ಹಾಡುಗಳ ಸ್ಟ್ರೀಮಿಂಗ್ ಗಳಿಕೆ ಅಲ್ಪ. ಮೇಳದ ಪಾಲಿಗೆ ಬಂದ ಹಣದಲ್ಲಿ ದಮ್ಮಡಿಗೆ ಹೊಸ ಚರ್ಮ ಕಟ್ಟಿಸಿದರು.

ಬೇರೆಯವರಿಗೆ ಉಪಯೋಗವಾಗಬಹುದಾದದ್ದು

ಇದೇ ದಾರಿಯಲ್ಲಿ ಹೊರಟವರು ಮೊದಲು ಮಾಡಬೇಕಾದ ಕೆಲಸ, ಕಂಪ್ಯೂಟರ್ ತೆರೆಯುವ ಮುನ್ನ ಹಾಡಿನ ಸಮ, ಖಾಲಿ ಎಲ್ಲಿವೆ ಎಂದು ಬಾರಿಸುವವರನ್ನೇ ಕೇಳುವುದು. ಹಾಡುವವರಿಗಿಂತ ಬಾರಿಸುವವರು ಅದನ್ನು ಬೇಗ ಹೇಳುತ್ತಾರೆ; ನಮ್ಮಲ್ಲಿ ಅವರನ್ನು ಯಾರೂ ಕೇಳುವುದಿಲ್ಲ. ಪದದ ಯಾವ ನುಡಿ ಬಿಡುವಂತಿಲ್ಲ, ಯಾವ ಪದ ಯಾವ ಹೊತ್ತಿಗೆ ಮಾತ್ರ ಹಾಡುತ್ತಾರೆ ಎಂಬುದನ್ನು ತಾಲೀಮಿಗೆ ಮೊದಲೇ ತಿಳಿದುಕೊಂಡಿದ್ದರೆ ಈ ತಂಡದ ಮೂರನೆಯ ಹಾಡಿನ ತಿಂಗಳುಗಳ ಶ್ರಮ ಉಳಿಯುತ್ತಿತ್ತು. ಪದ ಹಾಡುತ್ತ ಬಂದವರ ಮುಂದೆ ಮಿಶ್ರಣವನ್ನು ಕೇಳಿಸುವುದು ಬಿಡುಗಡೆಯ ಹಿಂದಿನ ದಿನ ಆಗಬಾರದು, ಬದಲಿಸಲು ಸಾಧ್ಯವಿರುವಾಗ ಆಗಬೇಕು. ಇಲ್ಲಿ ಪ್ರತಿ ಹಂತದ ಮಿಶ್ರಣವೂ ಮುತ್ಯಾನ ಮೊಮ್ಮಗನ ಫೋನಿಗೆ ಹೋಗುತ್ತಿತ್ತು. ಹೆಡ್‌ಫೋನಿನಲ್ಲಿ ಚೆನ್ನಾಗಿದ್ದ ಬೇಸ್ ಆ ಫೋನಿನ ಸಣ್ಣ ಸ್ಪೀಕರಿನಲ್ಲಿ ಕೇಳುತ್ತಲೇ ಇರಲಿಲ್ಲ ಎಂಬುದೂ ಹಾಗೆಯೇ ಗೊತ್ತಾಯಿತು.

ಒಂದು ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಭಜನೆ ವಿಲಂಬದಲ್ಲಿ ಶುರುವಾಗಿ ನುಡಿ ನುಡಿಗೆ ಏರುತ್ತ ಕೊನೆಗೆ ದ್ರುತದಲ್ಲಿ ಮುಗಿಯುತ್ತದೆ. ರೆಗೆ ಒಂದೇ ವೇಗದಲ್ಲಿ ಕೂತು ಆ ಸ್ಥಿರತೆಯಿಂದಲೇ ಶಕ್ತಿ ಪಡೆಯುತ್ತದೆ. ಧ್ವನಿಮುದ್ರಣದಲ್ಲಿ ಮುತ್ಯಾ ಮತ್ತು ದಮ್ಮಡಿಯನ್ನು ಮೆಟ್ರೊನೋಮ್ ಇಲ್ಲದೆ ಮೊದಲು ಹಿಡಿದು, ಅವರ ಏರಿಕೆಯನ್ನು ಕಂಪ್ಯೂಟರಿನಲ್ಲಿ ಗುರುತು ಮಾಡಿ, ಆಮೇಲೆ ಡ್ರಮ್ ನುಡಿಸಿ ನಿಭಾಯಿಸಿದೆವು. ವೇದಿಕೆಯಲ್ಲಿ ಅದಾಗುವುದಿಲ್ಲ. ಡ್ರಮ್ಮಿನವನು ಮುತ್ಯಾನ ಜೊತೆ ಏರಿದರೆ ಒನ್ ಡ್ರಾಪ್ ಒಂದು ಹಂತದ ಮೇಲೆ ತನ್ನ ಭಾರ ಕಳೆದುಕೊಳ್ಳುತ್ತದೆ; ಏರದಿದ್ದರೆ ಮುತ್ಯಾನನ್ನು ಹಿಂದಕ್ಕೆ ಎಳೆದಂತಾಗುತ್ತದೆ. ಸದ್ಯಕ್ಕೆ ಕೊನೆಯ ಎರಡು ನುಡಿಗಳಿಗೆ ಡ್ರಮ್ ಬಿಟ್ಟು ದಮ್ಮಡಿಗೇ ಹಾಡನ್ನು ಒಪ್ಪಿಸಿ ನೋಡುತ್ತಿದ್ದಾರೆ. ಬೇಸ್ ಅಲ್ಲಿ ಇರಬೇಕೋ ಬೇಡವೋ ಎಂಬುದರಲ್ಲಿ ಗಾಯಕನಿಗೂ ದಮ್ಮಡಿಯವರಿಗೂ ಒಮ್ಮತವಿಲ್ಲ, ಮುಂದಿನ ಅಮಾವಾಸ್ಯೆಯ ಭಜನೆಯಲ್ಲಿ ಎರಡೂ ರೀತಿ ಹಾಡಿ ನೋಡುವುದೆಂದು ಗೊತ್ತುಮಾಡಿಕೊಂಡಿದ್ದಾರೆ.